ಸ್ಟೆಂಟ್ ಹಾಕುವಾಗ ನೋವಾಗುತ್ತಾ?

ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ನನಗೆ ಹಾಕಿದ ಮೇಲೆ ಕೊಡಗಿನ ನಮ್ಮ ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕವರೂ, ಮದುವೆ ಮನೆಯಲ್ಲಿ ಪಕ್ಕ ಕೂತವರೂ ಕೇಳುವುದು ಇದೊಂದೇ. ಕೆಲವರಿಗಂತೂ ಎದೆ ಕುಯ್ಯುತ್ತಾರೆ ಅನ್ನುವ ಭಯ. ಎದೆ ಕುಯ್ಯುವುದು ಬೈಪಾಸ್‌ನಲ್ಲಿ. ಇದಕ್ಕೆ ಮಣಿಕಟ್ಟಿನ ಹತ್ತಿರವೋ ತೊಡೆಸಂದಿಯಲ್ಲೋ ಒಂದು ಸಣ್ಣ ತೂತು ಸಾಕು.

ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಆ ಚುಚ್ಚು ಉರಿಯುತ್ತದೆ, ನಿಜ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಎಚ್ಚರವಾಗಿಯೇ ಇರುತ್ತೀರಿ. ಸಪೂರ ಕೊಳವೆ ಹೃದಯದ ಹತ್ತಿರ ಹೋಗುವುದು ಗೊತ್ತೇ ಆಗುವುದಿಲ್ಲ, ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲು ಡೈ ಎಂಬ ದ್ರವ ಬಿಟ್ಟಾಗ ಮಾತ್ರ ಮೈಯೊಳಗೆ ಬಿಸಿ ಹರಿದಂತೆ ಅನಿಸಬಹುದು. ಕಟ್ಟಿಕೊಂಡ ಜಾಗದಲ್ಲಿ ಬಲೂನ್ ಉಬ್ಬಿಸುವಾಗ ಎದೆ ಒತ್ತಿದ ಹಾಗಾಗಬಹುದು, ಯಾಕೆಂದರೆ ಆ ಕ್ಷಣ ರಕ್ತ ಅಲ್ಲಿ ನಿಂತಿರುತ್ತದೆ. ಬಲೂನ್ ಇಳಿಸಿದರೆ ಅದೂ ಇಳಿಯುತ್ತದೆ. ನೋವಾದರೆ ಬಾಯಿ ಬಿಟ್ಟು ಹೇಳಿ, ಮರ್ಯಾದೆಗೆ ಸುಮ್ನೆ ಮಲಗಬೇಡಿ. ಲೋಹದ ಸಣ್ಣ ಬಲೆಯಂಥ ಸ್ಟೆಂಟ್ ಅಲ್ಲೇ ಉಳಿಯುತ್ತದೆ. ಅದು ಒಳಗಿದೆ ಅಂತ ಆಮೇಲೆ ಅನಿಸುವುದೂ ಇಲ್ಲ.

ಕೈಯಿಂದ ಮಾಡಿದ್ದರೆ ಮಣಿಕಟ್ಟಿಗೆ ಕೆಲವು ಗಂಟೆ ಬಿಗಿಯಾದ ಪಟ್ಟಿ. ತೊಡೆಯಿಂದಾದರೆ ಕಾಲು ಮಡಚದೆ ಮಲಗಿರಬೇಕು, ಅದೇ ದೊಡ್ಡ ಕಿರಿಕಿರಿ. ಮೊದಲೇ ನಿಗದಿ ಮಾಡಿದ್ದಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ನಮ್ಮಲ್ಲಿ ಹೆಚ್ಚಿನವರು ಮೈಸೂರು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವವರಲ್ವಾ, ವಾಪಸ್ ಬರುವಾಗ ಸ್ಟೇರಿಂಗ್ ಬೇರೆಯವರ ಕೈಯಲ್ಲಿರಲಿ. ಕಾಫಿ ಮೂಟೆ ಎತ್ತುವುದು ಡಾಕ್ಟರ್ ಒಪ್ಪಿದ ಮೇಲೆ.

ಇಷ್ಟಕ್ಕೇ ಎಲ್ಲರೂ ಭಯ ಬೀಳುತ್ತಾರೆ. ನನ್ನ ಪ್ರಕಾರ ಭಯ ಇರಬೇಕಾದದ್ದು ಮಾತ್ರೆ ಬಿಡುವುದಕ್ಕೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳವು: ಆಸ್ಪಿರಿನ್, ಅದರ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಈ ಜೋಡಿ ಒಂದು ವರ್ಷ. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ. ಚೆನ್ನಾಗಿದ್ದೇನೆ ಅಂತ ಮಧ್ಯೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು, ಅದು ಜೀವಕ್ಕೇ ಅಪಾಯ. ಹಲ್ಲು ಕೀಳಿಸಲು ಹೋದಾಗ ಯಾರಾದರೂ ನಿಲ್ಲಿಸಿ ಅಂದರೂ ಮೊದಲು ಹೃದಯದ ಡಾಕ್ಟರನ್ನು ಕೇಳಿ. ಮಳೆಗಾಲದಲ್ಲಿ ರಸ್ತೆ ಕುಸಿಯುವ ಊರು ನಮ್ಮದು, ಮನೆಯಲ್ಲಿ ಮಾತ್ರೆಯ ಕೊನೆಯ ಸ್ಟ್ರಿಪ್ ಮುಗಿಯುವವರೆಗೆ ಕಾಯಬೇಡಿ.

ಈ ಮಾತ್ರೆ ತಿನ್ನುವವರಿಗೆ ತೋಟದಲ್ಲಿ ಜಿಗಣೆ ಕಚ್ಚಿದರೆ ರಕ್ತ ನಿಲ್ಲಲು ಇನ್ನೂ ಜಾಸ್ತಿ ಹೊತ್ತು ಬೇಕು. ಅದಕ್ಕೆ ಗಾಬರಿ ಬೇಡ, ಒತ್ತಿ ಹಿಡಿಯಿರಿ. ಮಲ ಕಪ್ಪಾಗಿ ಡಾಂಬರಿನಂತೆ ಹೋದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಸೊಂಟನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವನ್ನೂ ಬಿಡಿ, ಅದು ರಕ್ತ ಸೋರುವ ಅಪಾಯ ಹೆಚ್ಚಿಸುತ್ತದೆ.

ದುಡ್ಡಿನ ವಿಷಯ. 2017ರಿಂದ ಸ್ಟೆಂಟ್ ಬೆಲೆಗೆ ಕೇಂದ್ರ ಸರ್ಕಾರದ ಮಿತಿ ಇದೆ, ಬಿಲ್‌ನಲ್ಲಿ ಸ್ಟೆಂಟ್ ಬೆಲೆಯನ್ನು ಬೇರೆಯಾಗಿ ತೋರಿಸಬೇಕು. ಕೇಳಿ ನೋಡಿ.

ಇನ್ನೊಂದು, ಎಲ್ಲ ಬ್ಲಾಕಿಗೂ ಸ್ಟೆಂಟ್ ಬೇಕಿಲ್ಲ. ಹೃದಯಾಘಾತದ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆ. ಆದರೆ ನಡೆದಾಗ ಮಾತ್ರ ಎದೆ ಹಿಡಿದು, ನಿಂತರೆ ಸರಿಹೋಗುವ ಸ್ಥಿರ ಕಾಯಿಲೆಯಲ್ಲಿ ಲೆಕ್ಕ ಬೇರೆ. 5 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಇಸ್ಕೀಮಿಯಾ ಎಂಬ ಹೆಸರಿನ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮಾತ್ರೆಯಿಂದಲೇ ಶುರು ಮಾಡಿದವರಿಗೆ ಹೋಲಿಸಿದರೆ, ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೆ ಎದೆನೋವು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಹಾಗಾಗಿ 'ನನಗೆ ಯಾಕೆ ಬೇಕು?' ಅಂತ ಡಾಕ್ಟರನ್ನು ಕೇಳುವುದು ಅಧಿಕಪ್ರಸಂಗವಲ್ಲ.

ಪಂದಿ ಕರಿ ತಿನ್ನಬಹುದಾ ಅಂತಲೂ ಕೇಳುತ್ತಾರೆ. ಹಬ್ಬಕ್ಕೆ, ಕೊಬ್ಬು ತೆಗೆದು, ನಾಲ್ಕು ತುಂಡು ತಿನ್ನುತ್ತೇನೆ. ಸಿಗರೇಟಿಗೆ ಮಾತ್ರ ಇಂಥ ರಿಯಾಯಿತಿ ಇಲ್ಲ, ಪೂರ್ತಿ ಬಿಡಲೇಬೇಕು.