ಒಂದು ಸೈನ್ ತಾನೇ, ಹಾಕಿಬಿಡಿ ಮಾರಾಯ್ರೆ!

ನಾನು ಮಂಗಳೂರಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಮದುವೆ ಊಟಕ್ಕೆ ಕೂತರೂ ಪಕ್ಕದವರು ಕೇಳುತ್ತಾರೆ: "ಒಂದು ಸೈನ್‌ಗೆ ಅಷ್ಟು ಸತಾಯಿಸ್ತೀರಂತೆ, ಎಂತಕ್ಕೆ?" ಬಿಲ್ಡರ್‌ಗಳ ನಡುವೆ ನನಗೆ ಅಂಥದ್ದೊಂದು ಹೆಸರು ಬಂದುಬಿಟ್ಟಿದೆ.

ಉಳ್ಳಾಲದ ಒಂದು ಮನೆಯ ಕಥೆ ಹೇಳುತ್ತೇನೆ. ಸಮುದ್ರದ ಕಡೆ ಬಾಲ್ಕನಿ. ನಾನಾಗ ಕೆಲಸಕ್ಕೆ ಹೊಸಬ. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಹೋಗಿ ಕಂಬಿ ನೋಡಬೇಕಿತ್ತು. ಜೋರು ಮಳೆ. "ಎಲ್ಲ ಸರಿ ಉಂಟು ಸರ್" ಎಂದು ಮೇಸ್ತ್ರಿ ಫೋನಲ್ಲಿ ಹೇಳಿದರು. ಕಾಂಕ್ರೀಟ್ ಹಾಕಬಹುದು ಎಂದು ಆಫೀಸಲ್ಲೇ ಕೂತು ಸೈನ್ ಹಾಕಿದೆ.

ಒಂಬತ್ತು ವರ್ಷದ ಮೇಲೆ ಆ ಮನೆಯ ಅಮ್ಮ ಕರೆಸಿದರು. ಬಾಲ್ಕನಿ ಬೀಮಿನ ಅಡಿಗೆ ಕಂದು ಗೆರೆಗಳು. ತಟ್ಟಿದರೆ ಟೊಳ್ಳು ಸದ್ದು. ಒಂದು ಚಕ್ಕೆ ಕೈಗೇ ಬಂತು. ಒಳಗೆ ಕಂಬಿ ಪದರ ಪದರವಾಗಿ ಎದ್ದಿತ್ತು. ಟೇಪ್ ಹಿಡಿದರೆ ಕವರ್, ಅಂದರೆ ಕಂಬಿಯಿಂದ ಹೊರಮೈವರೆಗಿನ ಕಾಂಕ್ರೀಟಿನ ದಪ್ಪ, ಬರೀ 15 ಮಿಲಿಮೀಟರ್! ಕಂಬಿಯನ್ನು ಅಚ್ಚಿನಿಂದ ಸರಿಯಾದ ದೂರದಲ್ಲಿ ಎತ್ತಿಡುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರು. "ಮೊಮ್ಮಗ ಇದರ ಕೆಳಗೇ ಆಡುವುದು" ಎಂದರು ಅಮ್ಮ. ರಿಪೇರಿ ಖರ್ಚಲ್ಲಿ ಅರ್ಧ ನಾನು ಕೊಟ್ಟೆ. ಪೂರ್ತಿ ಕೊಡುವಷ್ಟು ದೊಡ್ಡ ಮನಸ್ಸು ಬರಲಿಲ್ಲ, ಸುಳ್ಳು ಹೇಳಬಾರದು.

ಕಾಂಕ್ರೀಟ್ ಕೆಲಸಕ್ಕೆ ನಮ್ಮ ಕೋಡ್, ಅಂದರೆ 2000ರ ಭಾರತೀಯ ಮಾನಕ ಐಎಸ್ 456, 'ಸಿವಿಯರ್' ಎನ್ನುವ, ಅಂದರೆ ಕಡಲ ತೀರದಂಥ ಕಠಿಣ ವಾತಾವರಣಕ್ಕೆ ಸಾಮಾನ್ಯವಾಗಿ 45 ಮಿಲಿಮೀಟರ್ ಕವರ್, ಕಡಿಮೆಯೆಂದರೆ ಎಂ30 ದರ್ಜೆಯ ಕಾಂಕ್ರೀಟ್ ಕೇಳುತ್ತದೆ. ಕಡಲ ನೀರಿನ ತುಂತುರು ಬಡಿಯುವಲ್ಲಿ 50. ಉಪ್ಪು ನಿಧಾನಕ್ಕೆ ಒಳಗೆ ಇಳಿಯುತ್ತಲೇ ಇರುತ್ತದೆ. ಕವರ್ ಕಮ್ಮಿಯಾದಷ್ಟೂ ಬೇಗ ಕಂಬಿ ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ.

ನನಗೆ ಫೀಸು ಕೊಡುವವರು ಬಿಲ್ಡರ್, ನಿಜ. ಆದರೆ ಫ್ಲ್ಯಾಟ್ ತೆಗೆದುಕೊಳ್ಳುವವರು ಎಷ್ಟೋ ಸಲ ದುಬೈಯಲ್ಲಿ ಕೂತು ವಾಟ್ಸಾಪ್ ಫೋಟೋ ನೋಡಿ ಒಪ್ಪಿದವರು. ಫೋಟೋದಲ್ಲಿ ಟೈಲ್ಸ್ ಕಾಣ್ತದೆ, ಕವರ್ ಕಾಣ್ತದಾ? ಕಾಂಕ್ರೀಟ್ ಬಿದ್ದ ಮೇಲೆ ನನಗೂ ಕಾಣುವುದಿಲ್ಲ. ಅವರ ಪರವಾಗಿ ನೋಡಲು ಸಿಗುವುದು ಆ ಒಂದು ಸಂಜೆ ಮಾತ್ರ.

ಕಳೆದ ವರ್ಷ ಸುರತ್ಕಲ್ ಕಡೆಯ ಒಂದು ಸೈಟಲ್ಲಿ ಮತ್ತೆ ಅದೇ ಜಲ್ಲಿ ಚೂರು. ರೆಡಿಮಿಕ್ಸ್ ಲಾರಿ ಗೇಟಿನ ಹತ್ತಿರ ಡ್ರಮ್ ತಿರುಗಿಸುತ್ತಾ ನಿಂತಿತ್ತು. ಎರಡು ಬೀಮಿಂದ ಜಲ್ಲಿ ತೆಗೆಸಿ ಬ್ಲಾಕ್ ಇಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಲ್ಡರ್ ವಾಚ್ ನೋಡುತ್ತಲೇ ಇದ್ದರು. ಆಮೇಲೆ ಸೈನ್ ಹಾಕಿದೆ. ಮುಂದಿನ ಕೆಲಸಕ್ಕೆ ಅವರು ಬೇರೆಯವರನ್ನು ಹಿಡಿದಿದ್ದಾರಂತೆ.