ವಟಗುಟ್ಟುವುದನ್ನು ಎಣಿಸಿ ಮೋಸಹೋಗಬೇಡಿ

ಜೂನಿನ ಮೊದಲ ಜಡಿಮಳೆ ಬಿದ್ದ ರಾತ್ರಿ ಫೋಂಡಾ ಕಡೆಯ ಗದ್ದೆಗಳೆಲ್ಲ ವಟಗುಟ್ಟುತ್ತವೆ. "ಕಪ್ಪಿ ಕಮ್ಮಿ ಆಗ್ಯಾವ ಅಂತೀರಿ, ಇಲ್ಲಿ ನಿದ್ದಿ ಮಾಡಾಕ ಬಿಡವಲ್ಲವು" ಎಂದು ಗೋವಾದ ನಮ್ಮ ಮಂದಿ ನಗುವುದು ಸಹಜ. ಆದರೆ ಆ ಗದ್ದಲವೆಲ್ಲ ಗಂಡುಗಳದು. ಮೊಟ್ಟೆ ಬಿತ್ತೇ, ಬಿದ್ದದ್ದು ಉಳಿಯಿತೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಕೋಸ್ಟರಿಕಾದ ಮಾಂಟೆವರ್ಡೆ ಕಾಡಿನ ಬಂಗಾರದ ನೆಲಗಪ್ಪೆಯನ್ನೇ ನೋಡಿ. 1987ರಲ್ಲಿ ಹೊಂಡಗಳ ಸುತ್ತ 1,500ಕ್ಕೂ ಹೆಚ್ಚು ನೆರೆದಿದ್ದವು, ಜಾತ್ರೆಯಂತೆ. ಗಮನಿಸಿದ 10 ಹೊಂಡಗಳಲ್ಲಿ ಸುಮಾರು 43,500 ಮೊಟ್ಟೆ ಬಿದ್ದವು. ನೀರು ಬತ್ತಿ, ವಾರ ದಾಟಿದ ಗೊದಮೊಟ್ಟೆ 29. 1989ರಲ್ಲಿ ಕಂಡದ್ದು ಒಂದೇ ಗಂಡು, ಅದೇ ಕೊನೆಯದು.

ಹಾಗಾಗಿ ಕಪ್ಪೆ ಕಮ್ಮಿಯಾಗಿವೆಯೇ ಎಂದು ತಿಳಿಯಬೇಕಾದರೆ ಒಂದೇ ಹೊಂಡ ಹಿಡಿಯಿರಿ, ವರ್ಷ ವರ್ಷವೂ ಅದನ್ನೇ ಹಿಡಿಯಿರಿ. ಸಡಾದ ಹೊಂಡವಾದರೆ ಉತ್ತಮ. (ವಾಸ್ಕೋದವರಿಗೆ ಸಡಾ ಎಂದರೆ ಹೆಡ್‌ಲ್ಯಾಂಡ್ ಸಡಾ, ನಾನು ಹೇಳುತ್ತಿರುವುದು ಕೆಂಪುಕಲ್ಲಿನ ಬೋಳು ಬಯಲು.) ಗೋವಾದ ಹೆಸರು ಹೊತ್ತ ಮಿನರ್ವಾರ್ಯ ಗೋಯೆಂಚಿ ಕಪ್ಪೆಯನ್ನು 2018ರಲ್ಲಿ ಹೊಸ ಜಾತಿಯೆಂದು ಗುರುತಿಸಿದ್ದು ಇಂಥ ಬಯಲಿನಿಂದಲೇ.

ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದ ಮೇಲೆ ಹೋಗಿ, ಟಾರ್ಚ್ ಆರಿಸಿ 5 ನಿಮಿಷ ಸುಮ್ಮನೆ ನಿಲ್ಲಿ. ಸದ್ದಿಲ್ಲದಿದ್ದರೆ 0, ಒಂದೊಂದೇ ಕೂಗು ಎಣಿಸಲು ಬಂದರೆ 1, ಒಂದರ ಮೇಲೊಂದು ಬಿದ್ದರೂ ಬಿಡಿಸಿ ಕೇಳಿಸಿದರೆ 2, ಬರೀ ಗದ್ದಲವಾದರೆ 3. ಆಮೇಲೆ ಇಬ್ಬರು ಸರಿಯಾಗಿ ಒಂದು ಗಂಟೆ ದಡ ಸುತ್ತಿ ಕಂಡದ್ದನ್ನು ಬರೆಯಿರಿ. ಮೂವರಾದರೆ ಲೆಕ್ಕ ತನ್ನಷ್ಟಕ್ಕೆ ಏರುತ್ತದೆ. ಕಳೆದ ವರ್ಷಕ್ಕೆ ಹೋಲಿಸಲು ಬರುವುದಿಲ್ಲ.

ಅಸಲು ಕೆಲಸ ಇರುವುದು ಮರುವಾರದಿಂದ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಅಡಿಪಟ್ಟಿ ಇಳಿಸಿ ನೀರಿನ ಆಳ ಬರೆಯಿರಿ. ಟಾರ್ಚನ್ನು ಓರೆಯಾಗಿ ಹಿಡಿದರೆ ತಳದ ಗೊದಮೊಟ್ಟೆ ಕಾಣುತ್ತದೆ. ಹಿಂಗಾಲು ಮೂಡಿದವು, ಮುಂಗಾಲು ಮೂಡಿದವು, ಬಾಲವಿನ್ನೂ ಇರುವಾಗಲೇ ದಡಕ್ಕೆ ಹತ್ತಿದವು: ಬೇರೆ ಬೇರೆ ಕಾಲಂ. ಮಳೆ ನಾಲ್ಕು ದಿನ ಕೈಕೊಟ್ಟರೆ ಎರಡಿಂಚಿನ ಹೊಂಡದಲ್ಲಿ ಸತ್ತ ಗೊದಮೊಟ್ಟೆಗಳ ಕಪ್ಪು ಹಪ್ಪಳದಂಥ ಪದರ ಉಳಿಯುತ್ತದೆ. ಅದನ್ನೂ ದಿನಾಂಕ ಸಮೇತ ಬರೆಯಿರಿ. ಸೊನ್ನೆಯೂ ಲೆಕ್ಕವೇ.

ಎಲೆಗಪ್ಪೆಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳ ಮೊಟ್ಟೆಯಿಂದ ನೇರ ಮರಿಗಪ್ಪೆಯೇ ಬರುತ್ತದೆ; ಅವಕ್ಕೆ ಬೇಕಾದದ್ದು ಹೊಂಡವಲ್ಲ, ಒದ್ದೆ ಪೊದೆ.

ಹೊಂಡದಲ್ಲಿ ನೀರಿದ್ದೂ ಗೊದಮೊಟ್ಟೆ ಇಲ್ಲವೆಂದರೆ ಸೊಳ್ಳೆಗೆಂದು ಬಿಟ್ಟ ಗ್ಯಾಂಬೂಸಿಯಾ ಮೀನು ಇದೆಯೇ ನೋಡಿ. ಅದು ಗೊದಮೊಟ್ಟೆಯನ್ನೂ ಬಿಡದು. ಗದ್ದೆಯಂಚಿನಲ್ಲಿ ಇನ್ನೊಂದು ಕಾರಣ: 'ಜಂಪಿಂಗ್ ಚಿಕನ್', ಅಂದರೆ ಗೋವಾದಲ್ಲಿ ಕಪ್ಪೆಮಾಂಸಕ್ಕಿರುವ ಅಡ್ಡಹೆಸರು. ಗೂಳಿಗಪ್ಪೆ ಹಿಡಿಯುವುದು ಕಾನೂನಿಗೆ ವಿರುದ್ಧ, ಕಪ್ಪೆಕಾಲಿನ ರಫ್ತೂ 1987ರಲ್ಲೇ ನಿಂತಿದೆ. ಆದರೂ ಚೀಲ ತುಂಬುವುದು ಮೊದಲ ಮಳೆಯ ರಾತ್ರಿಗಳಲ್ಲೇ, ಅಂದರೆ ಮೊಟ್ಟೆ ಇಡುವ ಮುನ್ನ.

ಮಹಾರಾಷ್ಟ್ರದ ಆಂಬೋಲಿ ಸುತ್ತಿ ಮರುದಿನ ಗೋವಾದ ಮೊಲ್ಲೆಂ ಕಾಡಿಗೆ ಹೋಗುವವರು ಗಮ್‌ಬೂಟ್ ತೊಳೆಯಲೇಬೇಕು; ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆ ಸಾಗಬಲ್ಲದು. ಮೊದಲು ಬ್ರಷ್‌ನಿಂದ ಕೆಸರು ಪೂರ್ತಿ ಉಜ್ಜಿ, ಕೆಸರಿದ್ದರೆ ಬ್ಲೀಚ್ ಸತ್ವ ಕಳೆದುಕೊಳ್ಳುತ್ತದೆ. 1 ಪಾಲು ಮನೆಬಳಕೆಯ ಬ್ಲೀಚಿಗೆ 4 ಪಾಲು ನೀರು ಬೆರೆಸಿ ಒರೆಸಿ, ತೊಳೆದು, ಬಿಸಿಲಿಗಿಡಿ. ಆ ನೀರನ್ನು ಹೊಂಡದ ಹತ್ತಿರ ಚೆಲ್ಲಬೇಡಿ.