ಹಳೆಯ ಆರ್‌ವಿ ಕೊಳ್ಳಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರುವ ನಮ್ಮ ಮನೆಯ ಪಕ್ಕದಲ್ಲಿ ಇಪ್ಪತ್ತಾರು ಅಡಿ ಉದ್ದದ ಬಿಳಿಯ ಆರ್‌ವಿ, ಅಂದರೆ ಒಳಗೇ ವಾಸ ಮಾಡಬಹುದಾದ ಮನೆಗಾಡಿಯೊಂದು ನಿಂತಿರುತ್ತದೆ. ಹಬ್ಬದ ಊಟಕ್ಕೆಂದು ಬರುವ ಕನ್ನಡದ ಗೆಳೆಯರು ಕೈ ತೊಳೆದುಕೊಂಡು ಹೊರಗೆ ಬಂದವರೇ ಅದರ ಸುತ್ತ ಒಂದು ಸುತ್ತು ಹಾಕುತ್ತಾರೆ, ಬಾಗಿಲು ತೆರೆಸಿ ಒಳಗಿನ ಒಲೆ, ಹಾಸಿಗೆ, ಬಚ್ಚಲುಗಳನ್ನು ನೋಡುತ್ತಾರೆ, ಆಮೇಲೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಸೆಕೆಂಡ್ ಹ್ಯಾಂಡ್ ತಗೊಂಡು ಕೈ ಸುಟ್ಟುಕೊಳ್ಳಲಿಲ್ವಾ? ನಾವೂ ತಗೋಬಹುದಾ?”

ಧಾರಾಳವಾಗಿ ತೆಗೆದುಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ಕಾರು ಕೊಳ್ಳುವವರ ಕಣ್ಣಿನಿಂದ ನೋಡಿದರೆ ಕೈ ಸುಡುವುದು ಖಂಡಿತ. ಹಳೆಯ ಮನೆ ಕೊಳ್ಳುವವರ ಕಣ್ಣಿನಿಂದ ನೋಡಬೇಕು. ನಮ್ಮವರು ಮೊದಲು ಕೇಳುವುದು ಎಷ್ಟು ಮೈಲಿ ಓಡಿದೆ, ಎಂಜಿನ್ ಹೇಗಿದೆ ಎಂದು. ನಮ್ಮದು 2008ರ ಮಾಡೆಲ್, ಫೋರ್ಡ್ ಇ-450 ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಮೇಲೆ ಕಟ್ಟಿದ್ದು, ಡ್ರೈವರ್ ಸೀಟಿನ ಮೇಲ್ಗಡೆ ಚಾಚಿಕೊಂಡ ಹಾಸಿಗೆಯಿರುವ ಕ್ಲಾಸ್ ಸಿ ಮೋಟಾರ್‌ಹೋಮ್. ಅದೇ ಚಾಸಿ, ಅದೇ ವಿ10 ಎಂಜಿನ್ ಸಾಮಾನು ಸಾಗಿಸುವ ಗಾಡಿಗಳಲ್ಲೂ ಚಿಕ್ಕ ಬಸ್ಸುಗಳಲ್ಲೂ ದಿನವಿಡೀ ದುಡಿಯುತ್ತಿದ್ದವು. ವರ್ಷಕ್ಕೆ ನಾಲ್ಕೈದು ಸಾವಿರ ಮೈಲಿ ಮಾತ್ರ ಓಡುವ ಮನೆಗಾಡಿಯಲ್ಲಿ ಆ ಎಂಜಿನ್ ಸವೆಯುವುದಕ್ಕಿಂತ ಎಷ್ಟೋ ಮೊದಲು ಹಿಂದಿನ ಮನೆ ಕೊಳೆತಿರುತ್ತದೆ. ಕೊಳೆಸುವುದು ನೀರು.

ಈ ಗಾಡಿಗಳ ಗೋಡೆ ಬಹಳ ತೆಳ್ಳಗಿರುತ್ತದೆ. ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ನಡುವೆ ಫೋಮ್, ಒಳಗೆ ತೆಳು ಪ್ಲೈವುಡ್, ಹೊರಗೆ ಫೈಬರ್‌ಗ್ಲಾಸ್ ಹಾಳೆ, ಎಲ್ಲವನ್ನೂ ಹಿಡಿದಿಟ್ಟಿರುವುದು ಅಂಟು. ಛಾವಣಿಗೆ ಹಲವು ಗಾಡಿಗಳಲ್ಲಿ ರಬ್ಬರ್ ಹಾಳೆ ಹೊದಿಸಿರುತ್ತಾರೆ. ಎಸಿಗೆ, ಗಾಳಿ ಕಿಂಡಿಗಳಿಗೆ, ಟ್ಯಾಂಕಿನ ಕೊಳವೆಗಳಿಗೆ ಅದನ್ನು ಅಲ್ಲಲ್ಲಿ ಕೊರೆದು, ಕೊರೆದ ಅಂಚುಗಳಿಗೆಲ್ಲ ನೀರು ತಡೆಯುವ ಅಂಟಾದ ಸೀಲೆಂಟ್ ಸುರಿದಿರುತ್ತಾರೆ. ಬಿಸಿಲಿಗೆ ಆ ಸೀಲೆಂಟ್ ಒಣಗಿ ಬಿರುಕು ಬಿಡುತ್ತದೆ, ರಸ್ತೆಯ ಕುಲುಕಾಟಕ್ಕೆ ಬಿರುಕು ಅಗಲವಾಗುತ್ತದೆ, ಒಂದು ಚಳಿಗಾಲದ ಮಳೆಗೆ ನೀರು ಒಳಗಿಳಿಯುತ್ತದೆ. ಒಳಗಿಳಿದ ನೀರು ಕಣ್ಣಿಗೆ ಬೀಳುವ ಹೊತ್ತಿಗೆ ಮೂಲೆಯ ಮರ ಮೆತ್ತಗಾಗಿರುತ್ತದೆ. ಪ್ಲೈವುಡ್ಡಿನಿಂದ ಫೈಬರ್‌ಗ್ಲಾಸ್ ಬಿಟ್ಟುಕೊಂಡು ಹೊರಗೋಡೆಯಲ್ಲಿ ಉಬ್ಬು ಕಾಣಿಸಿದರೆ ಅದರ ರಿಪೇರಿಗೆ ಗಾಡಿಯ ಬೆಲೆಯ ದೊಡ್ಡ ಪಾಲೇ ಬೇಕಾಗಬಹುದು.

ನಾವು ಮೊದಲು ನೋಡಲು ಹೋದ ಗಾಡಿ ಹೊರಗಿನಿಂದ ಹೊಳೆಯುತ್ತಿತ್ತು. ಬಾಗಿಲು ತೆರೆದ ಕೂಡಲೇ ನಿಂಬೆ ಪರಿಮಳದ ಏರ್ ಫ್ರೆಶ್‌ನರ್ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಹಾಸಿಗೆಯ ಮೆತ್ತೆಯನ್ನು ಎತ್ತಿ ಬಲಮೂಲೆಯನ್ನು ನೋಡಿದೆ. ಅಲ್ಲಿಗೆ ಮಾತ್ರ ಹೊಸ ಬಿಳಿ ಬಣ್ಣ ಬಳಿದಿದ್ದರು. ಹೆಬ್ಬೆರಳಿನಿಂದ ಒತ್ತಿದಾಗ ಹಲಗೆ ನೆನೆದ ಬ್ರೆಡ್ಡಿನಂತೆ ತಗ್ಗಾಯಿತು, ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಮಾರುವವರು “ಅದು ಹಳೇ ಕಲೆ, ಈಗ ಸೋರುವುದಿಲ್ಲ” ಎಂದರು. ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಜಾರಿದ ಹಂಚುಗಳನ್ನು ಸರಿಮಾಡುವುದನ್ನು, ಅಟ್ಟದ ಹಲಗೆಯ ಕಲೆ ನೋಡಿ ಅದು ಹೋದ ವರ್ಷದ್ದೋ ಈ ವರ್ಷದ್ದೋ ಎಂದು ಅಮ್ಮ ಹೇಳುವುದನ್ನು ನೋಡಿಕೊಂಡು ಬೆಳೆದವಳು. ಹಳೆಯ ಕಲೆಗೆ ಹೊಸ ಬಣ್ಣ ಬಳಿಯಬೇಕಾದ ಕಾರಣ ನನಗೆ ಗೊತ್ತಿತ್ತು. ನಮಸ್ಕಾರ ಹೇಳಿ ಬಂದೆವು.

ಅಂದಿನಿಂದ ನೋಡುವ ಕ್ರಮ ಗಟ್ಟಿಯಾಯಿತು. ಮೂವತ್ತು–ನಲವತ್ತು ಡಾಲರಿಗೆ ಸಿಗುವ, ಎರಡು ಸೂಜಿಗಳಿರುವ ತೇವಮಾಪಕವನ್ನು ಕೊಂಡೆವು. ಒಣ ಮರದಲ್ಲಿ ಅದು ಶೇಕಡಾ 15ರ ಕೆಳಗೆ ತೋರಿಸುತ್ತದೆ; 20 ದಾಟಿದ ಕಡೆ ನೀರು ಇಳಿದಿದೆ ಎಂದೇ ತಿಳಿಯಬೇಕು. ಹಾಸಿಗೆಯ ಮೂಲೆಗಳು, ಕಿಟಕಿಗಳ ಕೆಳಗಿನ ಅಂಚು, ಎಸಿಯ ಸುತ್ತಲಿನ ಸೂರು, ಕಪಾಟುಗಳ ಹಿಂಬದಿ, ಹೊರಗಿನಿಂದ ತೆರೆಯುವ ಸಾಮಾನು ಗೂಡುಗಳ ತಳ, ಹೀಗೆ ಒಂದೊಂದನ್ನೂ ಒತ್ತಿ, ಮೂಸಿ, ಅಳೆದು ನೋಡಬೇಕು. ಏಣಿ ಹತ್ತಿ ಛಾವಣಿಯನ್ನು ನೋಡಲು ಬಿಡದ ಮಾರಾಟಗಾರರಿಂದ ಏನನ್ನೂ ಕೊಳ್ಳಬಾರದು. ಸಾಧ್ಯವಾದರೆ ಎರಡು ದಿನ ಮಳೆ ಹೊಯ್ದ ಮರುದಿನವೇ ಹೋಗುವುದು ಒಳ್ಳೆಯದು.

ನೀರಿನ ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಟ್ಯಾಂಕಿಗೆ ನೀರು ತುಂಬಿಸಿ, ಪಂಪ್ ಹಾಕಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೊಳವೆಗಳು ಸರಿಯಿದ್ದರೆ ಪಂಪ್ ನಿಂತಿದ್ದು ನಿಂತೇ ಇರುತ್ತದೆ. ಎರಡೆರಡು ನಿಮಿಷಕ್ಕೊಮ್ಮೆ ತಾನಾಗಿ ಗುರ್ ಎಂದು ಓಡಿ ನಿಂತರೆ ಎಲ್ಲೋ ಗೋಡೆಯ ಹಿಂದೆ ನೀರು ಸೋರುತ್ತಿದೆ.

ಉಳಿದವುಗಳಲ್ಲಿ ಟೈರು ಮುಖ್ಯ. ಆರ್‌ವಿ ಟೈರುಗಳು ಸಾಮಾನ್ಯವಾಗಿ ಓಡಿ ಸವೆಯುವುದಿಲ್ಲ, ನಿಂತು ಮುದಿಯಾಗುತ್ತವೆ. ಪಕ್ಕದಲ್ಲಿ DOT ಎಂಬ ಅಕ್ಷರಗಳೊಂದಿಗೆ ಅಚ್ಚಾಗಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳನ್ನು ಓದಿ: 2316 ಎಂದಿದ್ದರೆ ಅದು 2016ರ 23ನೆಯ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಗೆರೆಗಳು ಎಷ್ಟೇ ಆಳವಾಗಿ ಕಂಡರೂ ಬದಲಿಸಬೇಕು, ಮತ್ತು ಇಂಥ ಗಾಡಿಗೆ ಆರು ಟೈರು ಎಂಬುದು ಚೌಕಾಸಿಯ ಹೊತ್ತಿಗೆ ನೆನಪಿರಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಹಾಕಿಡುವಂತೆ ಫೋನಿನಲ್ಲಿ ಹೇಳಿ. ಗ್ಯಾಸಿನಲ್ಲೂ ನಡೆಯುವ ಈ ಫ್ರಿಜ್ಜುಗಳಲ್ಲಿ ಕಂಪ್ರೆಸರ್ ಇರುವುದಿಲ್ಲ, ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪು ಮಾಡುತ್ತವೆ. ತಣ್ಣಗಾಗಲು ಹಲವು ಗಂಟೆ ಬೇಕು. ಬಾಗಿಲು ತೆರೆದಾಗ ಅಮೋನಿಯಾದ ಘಾಟು ಬಂದರೆ ಅದರ ಆಯುಷ್ಯ ಮುಗಿದಿದೆ. ಜನರೇಟರನ್ನು ಎಸಿ ಹಾಕಿಯೇ ಓಡಿಸಿ ನೋಡಬೇಕು. ಗ್ಯಾಸ್ ಸೋರಿದರೆ ಕೂಗುವ ಅಲಾರಂ ನೆಲದ ಹತ್ತಿರ ಇರುತ್ತದೆ, ಏಕೆಂದರೆ ಪ್ರೊಪೇನ್ ಗಾಳಿಗಿಂತ ಭಾರ. ಅದರ ಬೆನ್ನಿನ ಮೇಲಿನ ತಾರೀಖು ದಾಟಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಆ ಗಾಡಿಯಲ್ಲಿ ಮಲಗಿ.

ಉದ್ದದ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ನಲವತ್ತು ಅಡಿಯವರೆಗಿನ ಮೋಟಾರ್‌ಹೋಮನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು, ಆದ್ದರಿಂದ ದೊಡ್ಡದರ ಆಸೆ ಬೇಗ ಹುಟ್ಟುತ್ತದೆ. ಆದರೆ ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪುಗಳಲ್ಲಿ ಎಷ್ಟೋ ಜಾಗಗಳು ಚಿಕ್ಕ ಗಾಡಿಗಳಿಗೆಂದೇ ಮಾಡಿದವು. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಕಡಿದಾದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿಗಳನ್ನು ಬಿಡುವುದೇ ಇಲ್ಲ. ನಾವು ನಮ್ಮದನ್ನು ಕ್ಯಾಂಪಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಬೇಕಾಯಿತು. ನಿಮ್ಮ ಬಡಾವಣೆಯಲ್ಲಿ ಆರ್‌ವಿ ನಿಲ್ಲಿಸಲು ಅನುಮತಿ ಇದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ತಿಂಗಳು ತಿಂಗಳು ನಿಲುಗಡೆಯ ಬಾಡಿಗೆ ಕಟ್ಟಬೇಕಾಗುತ್ತದೆ.

ಐದನೆಯ ಗಾಡಿ ನಮ್ಮದಾಯಿತು. 2019ರಲ್ಲಿ ನಿವೃತ್ತ ದಂಪತಿಯಿಂದ 26,500 ಡಾಲರಿಗೆ ಕೊಂಡೆವು. ಅದೇ ಅಳತೆಯ ಹೊಸದಕ್ಕೆ ಅಂದು ಅದರ ಮೂರು ಪಟ್ಟು ಕೇಳುತ್ತಿದ್ದರು. ಅವರು ಕೈಗಿತ್ತ ನೋಟ್‌ಬುಕ್ಕಿನಲ್ಲಿ ಹನ್ನೊಂದು ವರ್ಷಗಳ ಆಯಿಲ್ ಬದಲಾವಣೆ, ಛಾವಣಿಯ ಸೀಲೆಂಟ್, ಬ್ಯಾಟರಿ ಎಲ್ಲದರ ಲೆಕ್ಕ ಪೆನ್ಸಿಲಿನಲ್ಲಿ ಬರೆದಿತ್ತು. ಆ ನೋಟ್‌ಬುಕ್ಕಿಗಾಗಿಯೇ ನಾನು ಹೆಚ್ಚು ಚೌಕಾಸಿ ಮಾಡಲಿಲ್ಲ. ಮೊದಲ ವರ್ಷ ಟೈರು, ಮನೆಭಾಗದ ಬ್ಯಾಟರಿಗಳು, ಅಲಾರಂಗಳು ಎಂದು ಮತ್ತೆ ಸುಮಾರು ನಾಲ್ಕು ಸಾವಿರ ಡಾಲರ್ ಹೋಯಿತು. ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿಗಿಂತ ಹೆಚ್ಚು ಕೊಡುವುದಿಲ್ಲ. ಹೋಟೆಲ್ ಖರ್ಚು ಉಳಿಸುವ ಲೆಕ್ಕದಿಂದ ಇದನ್ನು ಕೊಳ್ಳಬೇಡಿ, ಲೆಕ್ಕ ಕೂಡುವುದಿಲ್ಲ. ಮೊದಲು ಮೂರು ನಾಲ್ಕು ದಿನಕ್ಕೆ ಒಂದನ್ನು ಬಾಡಿಗೆಗೆ ತೆಗೆದುಕೊಂಡು ಮನೆಯವರೆಲ್ಲ ಅದರಲ್ಲಿ ಮಲಗಿ ಎದ್ದು ನೋಡಿ.

ಹಾಗಾದರೆ ಯಾಕೆ ಬೇಕು ಎಂದರೆ, ನಾನು ಅಪ್ಪ ಅಮ್ಮನ ಕಥೆಯನ್ನೇ ಹೇಳಬೇಕು. ಅವರು ಊರಿನಿಂದ ಬಂದಾಗ ಅಪ್ಪನಿಗೆ ಮಂಡಿನೋವು, ಅಮ್ಮನಿಗೆ ಗಂಟೆಗೊಮ್ಮೆ ಬಾತ್‌ರೂಮು ಬೇಕು. ಕಾರಿನಲ್ಲಿ ಕರೆದೊಯ್ದರೆ ಅಮ್ಮ ದಾರಿಯಲ್ಲಿ ಅವಸರವಾದೀತೆಂಬ ಭಯಕ್ಕೆ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಅವರನ್ನು ಗಾಡಿಯೊಳಗೆ ಹತ್ತಿಸಿದಾಗ ಅಮ್ಮ ಒಲೆ, ಹಾಸಿಗೆ ಯಾವುದನ್ನೂ ನೋಡದೆ ಮೊದಲು ತಲೆಯೆತ್ತಿ ಸೂರನ್ನು ನೋಡಿ, “ಇದು ಸೋರಲ್ವೇನೇ?” ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಸಿಯೆರಾ ಪರ್ವತಗಳನ್ನು ದಾಟಿ 395ನೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು. ಓಡುವಾಗ ಇಬ್ಬರೂ ಊಟದ ಮೇಜಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರುತ್ತಿದ್ದರು, ಬೇಕೆಂದಾಗ ನಿಲ್ಲಿಸಿದರೆ ಬಚ್ಚಲು ಎರಡು ಹೆಜ್ಜೆ ದೂರ. ಅಮ್ಮ ನೀರು ಕುಡಿದರು. ಮೋನೊ ಸರೋವರದ ಬಳಿ ಮಧ್ಯಾಹ್ನದ ಅನ್ನ ಸಾರು ಮಾಡಿದೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮಾಂಜನಾರ್ ಶಿಬಿರದಲ್ಲಿ ಅಪ್ಪ ಒಂದೊಂದು ಫಲಕವನ್ನೂ ಓದುತ್ತ ಮೂರು ಗಂಟೆ ಕಳೆದರು. ಮುಂದಿನ ಹೋಟೆಲಿಗೆ ಹೊತ್ತಾಯಿತು ಎಂದು ಅವಸರಪಡಿಸುವ ಕಾರಣ ನಮಗಿರಲಿಲ್ಲ.

ಆ ರಾತ್ರಿ ಲೋನ್ ಪೈನ್ ಊರಿನ ಹೊರಗಿನ ಟಟಲ್ ಕ್ರೀಕ್ ಕ್ಯಾಂಪಿನಲ್ಲಿ ತಂಗಿದೆವು. ಅಲ್ಲಿ ಗಾಡಿಗೆ ಕರೆಂಟು, ನೀರಿನ ಸಂಪರ್ಕ ಯಾವುದೂ ಇಲ್ಲ. ಬೆಳಗಿನ ಚಳಿಯಲ್ಲಿ ನಾನು ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಅಪ್ಪ ಕಂಬಳಿ ಹೊದ್ದು ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದರು. ಎದುರಿನ ಮೌಂಟ್ ವಿಟ್ನಿಯ ತುದಿಗೆ, 4,421 ಮೀಟರ್ ಎತ್ತರದಲ್ಲಿ, ಮೊದಲ ಬೆಳಕು ಬಿದ್ದು ಕೆಂಪಗಾಯಿತು; ಆ ಕೆಂಪು ಬಂಡೆಯಿಂದ ಬಂಡೆಗೆ ಕೆಳಗಿಳಿದು ನಮ್ಮ ಕಾಲ ಬುಡಕ್ಕೆ ಬರುವವರೆಗೆ ಅಪ್ಪ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದರು. ಕಾಫಿ ಆರಿತ್ತು. ಮತ್ತೆ ಬಿಸಿ ಮಾಡಿಕೊಟ್ಟೆ.

ಹೀಗೆ ಇರುವಾಗ ನೀರಿನ ಬೆಲೆ ಬೇರೆಯೇ ಆಗುತ್ತದೆ. ನಮ್ಮ ಟ್ಯಾಂಕಿಗೆ ನಲವತ್ತು ಗ್ಯಾಲನ್ ಹಿಡಿಯುತ್ತದೆ, ಅಂದರೆ ಸುಮಾರು 150 ಲೀಟರ್; ನಾಲ್ಕು ಜನ ಎಚ್ಚರದಿಂದ ಬಳಸಿದರೆ ಮೂರು ದಿನ. ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವುದನ್ನು ಅಮ್ಮ ಒಂದೇ ದಿನದಲ್ಲಿ ನನಗಿಂತ ಚೆನ್ನಾಗಿ ಮಾಡತೊಡಗಿದರು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು ಮೇಲಿನ ಫ್ಯಾನ್ ಹಾಕದಿದ್ದರೆ ಒಣಮೆಣಸಿನ ಹೊಗೆಗೆ ಅಲಾರಂ ಕೂಗುತ್ತದೆ.

ಶೌಚದ ಟ್ಯಾಂಕಿನ ಬಗ್ಗೆ ಕೇಳಲು ಹಿಂಜರಿಯುವವರೇ ಹೆಚ್ಚು, ಆದ್ದರಿಂದ ನಾನೇ ಹೇಳುತ್ತೇನೆ. ಹೌದು, ಅದನ್ನು ನಾವೇ ಖಾಲಿ ಮಾಡಬೇಕು. ಕೈಗವಸು ಹಾಕಿ, ದಪ್ಪ ಕೊಳವೆಯನ್ನು ಡಂಪ್ ಸ್ಟೇಷನ್ನಿನ, ಅಂದರೆ ಇಂಥ ಟ್ಯಾಂಕುಗಳನ್ನು ಖಾಲಿ ಮಾಡುವ ಜಾಗದ, ಗುಂಡಿಗೆ ಜೋಡಿಸಿ, ಮೊದಲು ಶೌಚದ ಟ್ಯಾಂಕು, ನಂತರ ಪಾತ್ರೆ ತೊಳೆದ ನೀರಿನ ಟ್ಯಾಂಕು ತೆರೆದರೆ ಎರಡನೆಯದರ ನೀರೇ ಕೊಳವೆಯನ್ನು ತೊಳೆಯುತ್ತದೆ. ಹದಿನೈದು ನಿಮಿಷದ ಕೆಲಸ. ನಮ್ಮ ನಾಡಿನಲ್ಲಿ ಈ ಕೆಲಸವನ್ನು ತಲೆತಲಾಂತರದಿಂದ ಬೇರೆಯವರ ಕೈಯಲ್ಲಿ, ಕೈಗವಸೂ ಕೊಡದೆ ಮಾಡಿಸಿದೆವು. ಮೊದಲ ಸಲ ಕೊಳವೆ ಹಿಡಿದು ನಿಂತಾಗ ಅದು ನನಗೆ ಬಲವಾಗಿ ನೆನಪಾಯಿತು. ನಮ್ಮ ಮಕ್ಕಳಿಬ್ಬರಿಗೂ ಈಗ ಈ ಕೆಲಸ ಬರುತ್ತದೆ.

ಇನ್ನು ಮಳೆಗಾಲ. ಇಲ್ಲಿ ಅದು ನವೆಂಬರಿನ ಹೊತ್ತಿಗೆ ಶುರುವಾಗುವುದರಿಂದ ಅಕ್ಟೋಬರ್ ಕೊನೆಯ ವಾರ ನಾನು ಏಣಿ ಹತ್ತುತ್ತೇನೆ. ಈ ವರ್ಷ ಛಾವಣಿಯನ್ನು ಸೋಪಿನ ನೀರಿನಿಂದ ತೊಳೆದು, ಒಣಗಿದ ಮೇಲೆ ಸೀಲೆಂಟ್ ಗೆರೆಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದೆ. ಬಚ್ಚಲಿನ ಗಾಳಿ ಕಿಂಡಿಯ ಹಿಂದೆ ಕೂದಲೆಳೆಯಷ್ಟು ಸಣ್ಣ ಬಿರುಕು, ಏಣಿಯ ಮೊಳೆಗಳ ಬಳಿ ಇನ್ನೊಂದು. ಎರಡಕ್ಕೂ ಹೊಸ ಸೀಲೆಂಟ್ ಹಚ್ಚಿ, ಹಳೆಯ ದಂಪತಿಯ ನೋಟ್‌ಬುಕ್ಕಿನಲ್ಲಿ ಅವರ ಪೆನ್ಸಿಲ್ ಅಕ್ಷರ ಮುಗಿದ ಪುಟದಿಂದ ಮುಂದುವರಿದ ನಮ್ಮ ಲೆಕ್ಕಕ್ಕೆ ತಾರೀಖು ಹಾಕಿ ಬರೆದಿಟ್ಟೆ.